ನಮ್ಮ ಶಾಲೆಯ ಮಾಡು: ಒಂದು ಅಭ್ಯಾಸ

ಕಳೆದ ವರ್ಷದ ಮಳೆಗಾಲದಲ್ಲಿ ಏಳನೆಯ ಇಯತ್ತೆಯ ಕೊಠಡಿಯಲ್ಲಿ ನಾಲ್ಕು ಬಾಲದಿಗಳು ಇದ್ದುವೆಂಬುದು ವಿದ್ಯಾರ್ಥಿಗಳಿಗೆ ನೆನಪಿರಬಹುದು. ನಾಲ್ಕು ಕಡೆಗಳಲ್ಲಿ ನಾಲ್ಕು ಸ್ವರದಲ್ಲಿ ನೀರು ತೊಟ್ಟಿಕ್ಕುತ್ತಿರಲು ನಾವು ವ್ಯಾಕರಣವನ್ನು ಬೋಧಿಸಿದೆವು. ಆ ಹಂಗಾಮು ಕಳೆದ ಮೇಲೆ ಹಳೆಯ ಸಾಲಿನ ಮೂರು ಕೊಠಡಿಗಳ ಮಾಡನ್ನು ಬದಲಿಸಲೇಬೇಕೆಂದು ವ್ಯವಸ್ಥಾಪಕ ಮಂಡಳಿಯು ನಿಶ್ಚಯಿಸಿತು. ಬದಲಿಸುವುದೇನೋ ಸರಿ, ಆದರೆ ಯಾವುದರಿಂದ? ಈ ಒಂದು ಪ್ರಶ್ನೆಯು ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮನ್ನು ಕಾಡಿತು. ಅದನ್ನು ಬಿಡಿಸಲು ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳು ನಡೆಸಿದ ಅಳತೆ, ತೂಕ, ಲೆಕ್ಕಗಳನ್ನು ಈ ಸಂಚಿಕೆಯಲ್ಲಿ ದಾಖಲಿಸಿಡುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮಂಡಳಿಯ ಮುಂದೆ ಮೂರು ದಾರಿಗಳಿದ್ದುವು. ಹಳೆಯದರಂತೆಯೇ ಮಂಗಳೂರು ಹಂಚನ್ನು ಹೊದಿಸುವುದು ಒಂದು. ಮುಂಬಯಿಯ ಜನರು ಪತ್ರಾ ಎಂದು ಕರೆಯುವ ಉಕ್ಕಿನ ತಗಡನ್ನು ಹಾಕುವುದು ಎರಡನೆಯದು. ಮಾಡನ್ನೇ ತೆಗೆದು ಕಾಂಕ್ರೀಟಿನ ತಾರಸಿ ಕಟ್ಟುವುದು ಮೂರನೆಯದು. ತಗಡು ಅಗ್ಗ, ಹದಿನೈದು ದಿನಗಳ ಕೆಲಸ. ಸಭೆಯಲ್ಲಿ ಹಿರಿಯರೊಬ್ಬರು ಎಲ್ಲರ ಮನಸ್ಸಿನಲ್ಲಿದ್ದ ಮಾತನ್ನು ಬಾಯಿಬಿಟ್ಟು ಆಡಿದರು: "ಕನ್ನಡ ಮಾಧ್ಯಮಕ್ಕೆ ವರ್ಷವರ್ಷವೂ ಮಕ್ಕಳು ಕಡಿಮೆಯಾಗುತ್ತಿರುವಾಗ ಐವತ್ತು ವರ್ಷ ಬಾಳುವ ಮಾಡು ಯಾರಿಗಾಗಿ?" ಅವರು ಕುಚೋದ್ಯಕ್ಕಾಗಿ ಹಾಗೆಂದವರಲ್ಲ, ಶಾಲೆಗಾಗಿ ನಲವತ್ತು ವರ್ಷ ದುಡಿದವರು. ಆ ಮಾತಿಗೆ ಆ ದಿನ ಉತ್ತರ ಕೊಡುವುದು ನಮ್ಮಿಂದಾಗಲಿಲ್ಲ. "ಮೊದಲು ಮಾಡನ್ನು ಅಳೆದು ಬರುತ್ತೇವೆ, ಆಮೇಲೆ ನಿರ್ಣಯವಾಗಲಿ" ಎಂದಷ್ಟೇ ಬಿನ್ನವಿಸಿಕೊಂಡೆವು.

ಯಾವ ಊರಿನ ಮಾಡು ಹೇಗಿರಬೇಕೆಂಬುದನ್ನು ಮೊದಲು ಹೇಳುವುದು ಆ ಊರಿನ ಆಕಾಶ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು 1970ರಲ್ಲಿ ಮೊದಲ ಬಾರಿಗೆ ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾಯಿತು. ಅದು ದೇಶವನ್ನು ಐದು ಹವೆಯ ವಲಯಗಳಾಗಿ ವಿಂಗಡಿಸಿದೆ. ಮುಂಬಯಿಯೂ ನಮ್ಮ ಮಂಗಳೂರು, ಉಡುಪಿ, ಕಾರವಾರಗಳೂ ಬೆಚ್ಚನೆಯ ತೇವದ ವಲಯಕ್ಕೆ ಸೇರುತ್ತವೆ. ಇಲ್ಲಿ ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. 2005ರ ಜುಲೈ 26ರಂದು ಶುರುವಾದ ಒಂದೇ ದಿನದ ಮಳೆಯನ್ನು ಸಾಂತಾಕ್ರೂಜಿನ ಹವಾಮಾನ ಕೇಂದ್ರವು 944 ಮಿಲಿಮೀಟರ್ ಎಂದು ದಾಖಲಿಸಿತು. ಮಳೆಯಿಲ್ಲದ ತಿಂಗಳುಗಳಲ್ಲಿ ಸೆಕೆ, ಬೆವರು, ಉಪ್ಪುಗಾಳಿ. ಇಂತಹ ನಾಡಿನಲ್ಲಿ ಮಾಡು ನೀರನ್ನು ಬೇಗ ಕೆಳಗಿಳಿಸಬೇಕು, ಬಿಸಿಗಾಳಿಯನ್ನು ಮೇಲಕ್ಕೆ ಬಿಟ್ಟುಕೊಡಬೇಕು, ಉಪ್ಪಿಗೆ ಕೊರೆಯಲು ಎಡೆಗೊಡಬಾರದು.

ವಿದ್ಯಾರ್ಥಿಗಳು ಅಳೆದಾಗ ಹಳೆಯ ಸಾಲಿನ ಉದ್ದ 20 ಮೀಟರ್, ಅಗಲ 7 ಮೀಟರ್ ಎಂದು ತಿಳಿಯಿತು. ನೆತ್ತಿಯ ತೊಲೆಯು ಗೋಡೆಯ ಮಟ್ಟಕ್ಕಿಂತ 2 ಮೀಟರ್ ಎತ್ತರದಲ್ಲಿದೆ. ಅರ್ಧ ಅಗಲ 3.5 ಮೀಟರ್, ಎತ್ತರ 2 ಮೀಟರ್. ಆದುದರಿಂದ ಇಳಿಜಾರಿನ ಕೋನ ಸುಮಾರು 30 ಅಂಶ. ಸೂರು ಗೋಡೆಯಿಂದ 0.6 ಮೀಟರ್ ಹೊರಚಾಚಿದೆ. ಕರ್ಣದ ಪ್ರಮೇಯವನ್ನು ಉಪಯೋಗಿಸಿ ನೆತ್ತಿಯಿಂದ ಸೂರಿನವರೆಗಿನ ಓರೆ ಉದ್ದವನ್ನು 4.72 ಮೀಟರ್ ಎಂದು ಕಂಡುಕೊಂಡರು. ಎರಡು ಇಳಿಜಾರುಗಳೂ ಸೇರಿ 189 ಚದರ ಮೀಟರ್ ಆಯಿತು. ಪೈಥಾಗೊರಸನ ಪ್ರಮೇಯವು ಪರೀಕ್ಷೆಯ ಕಾಗದವನ್ನು ಬಿಟ್ಟು ಬೇರೆಲ್ಲಿ ಬಳಕೆಯಾಗುತ್ತದೆಂದು ಸದಾ ಕೇಳುತ್ತಿದ್ದ ಒಬ್ಬ ಹುಡುಗನೇ ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಬಿಡಿಸಿದನು.

ಮಾಡಿನ ಮೇಲೆ ಬೀಳುವ ನೀರಿಗೆ ಓರೆ ಉದ್ದದ ಲೆಕ್ಕವಿಲ್ಲ, ಕೆಳಗಿನ ನೆಲದ ಲೆಕ್ಕ. ಸೂರನ್ನು ಸೇರಿಸಿ ಅಗಲ 8.2 ಮೀಟರ್, ಉದ್ದ 20 ಮೀಟರ್, ಒಟ್ಟು 164 ಚದರ ಮೀಟರ್. ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಬಂದಿತೆನ್ನೋಣ. ಆಗ 16,400 ಲೀಟರ್ ನೀರು ಬೀಳುತ್ತದೆ. ಒಂದೊಂದು ಇಳಿಜಾರಿನಿಂದ ಸೆಕೆಂಡಿಗೆ ಎರಡು ಲೀಟರಿಗೂ ಹೆಚ್ಚು ನೀರು ಹರಿದು ಬರುತ್ತದೆಂದಾಯಿತು. ನಮ್ಮ ಸೂರಿಗೆ ಕಟ್ಟಿದ್ದ ತಗಡಿನ ದಂಬೆಯು ತುಕ್ಕು ತಿಂದು, ಎಲೆಕಸ ತುಂಬಿ, ಆ ನೀರನ್ನು ಗೋಡೆಯ ಮೇಲೆಯೇ ಸುರಿಯುತ್ತಿತ್ತು. ಸೋರಿಕೆಯೆಂದು ನಾವು ಹಂಚನ್ನು ಬೈಯುತ್ತಿದ್ದುದರಲ್ಲಿ ಅರ್ಧದಷ್ಟು ತಪ್ಪು ಈ ದಂಬೆಯದೇ ಆಗಿತ್ತು. 2005ರ ಆ ಒಂದು ದಿನದ ಮಳೆಯು ಇದೇ ಮಾಡಿನ ಮೇಲೆ ಬಿದ್ದಿದ್ದರೆ ಒಂದೂವರೆ ಲಕ್ಷ ಲೀಟರಿಗೂ ಮೀರುತ್ತಿತ್ತೆಂದು ಹುಡುಗಿಯೊಬ್ಬಳು ಲೆಕ್ಕ ಹಾಕಿ ಫಲಕದ ಮೇಲೆ ಬರೆದಳು. ಅದನ್ನು ಒಂದು ವಾರ ಯಾರೂ ಅಳಿಸಲಿಲ್ಲ.

ಇನ್ನು ಮೂರು ದಾರಿಗಳ ವಿಚಾರ. ತಾರಸಿಯ ಆಸೆಯು ಭಾರದ ಲೆಕ್ಕದಲ್ಲೇ ಮುರಿದುಬಿತ್ತು. 125 ಮಿಲಿಮೀಟರ್ ದಪ್ಪದ ಕಬ್ಬಿಣ ಕಾಂಕ್ರೀಟಿನ ಹಾಸು ಚದರ ಮೀಟರಿಗೆ 312 ಕಿಲೋಗ್ರಾಮಿನಷ್ಟು ತೂಗುತ್ತದೆ. 140 ಚದರ ಮೀಟರಿಗೆ ಸುಮಾರು 44 ಟನ್. ಅದರ ಮೇಲೆ ನೀರು ತಡೆಯಲು ಇಟ್ಟಿಗೆಚೂರಿನ ಕೋಬಾ ಹಾಕಿದರೆ ಇನ್ನಷ್ಟು. ಹಂಚಿನ ಮಾಡಿನ ಲೆಕ್ಕ ನೋಡಿ: ಒಂದು ಚದರ ಮೀಟರಿಗೆ ಸುಮಾರು 15 ಹಂಚುಗಳು, 189 ಚದರ ಮೀಟರಿಗೆ 2,835 ಹಂಚುಗಳು. ಒಂದಕ್ಕೆ ಎರಡೂವರೆ ಕಿಲೋಗ್ರಾಂ ಎಂದರೂ ಒಟ್ಟು 7 ಟನ್ನಿನ ಆಸುಪಾಸು, ಮಳೆಯಲ್ಲಿ ನೀರು ಕುಡಿದಾಗ 8 ಟನ್. ಎಂಟು ಟನ್ನಿಗಾಗಿ ಹಾಕಿದ ಹಳೆಯ ಇಟ್ಟಿಗೆಯ ಗೋಡೆಯ ಮೇಲೆ ನಲವತ್ತನಾಲ್ಕು ಟನ್ ಹೊರಿಸುವುದು ಯಾವ ನ್ಯಾಯ? ಹಾಗೆ ಮಾಡಬೇಕಾದರೆ ಗೋಡೆಯನ್ನೂ ತಳಪಾಯವನ್ನೂ ಹೊಸದಾಗಿ ಕಟ್ಟಬೇಕು. ಅದು ಮಾಡಿನ ಕೆಲಸವಲ್ಲ, ಕಟ್ಟಡದ ಕೆಲಸ.

ತಗಡಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಅದರ ಪರವಾಗಿ ಹೇಳಬೇಕಾದ ಮಾತುಗಳಿವೆ. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ಐದು ಕಿಲೋಗ್ರಾಮನ್ನು ಮೀರುವುದಿಲ್ಲ. ಕಡಿಮೆ ಇಳಿಜಾರಿನಲ್ಲಿಯೂ ನೀರನ್ನು ಹರಿಸುತ್ತದೆ. ಕಪಿಗಳಿಗೂ ಕ್ರಿಕೆಟ್ ಚೆಂಡಿಗೂ ಒಡೆಯುವುದಿಲ್ಲ. ಆದರೆ ಹಗುರವಾಗಿರುವುದೇ ಅದರ ದೋಷವೂ ಹೌದು. ಗಾಳಿಯ ಒತ್ತಡವನ್ನು ಕುರಿತ ಭಾರತೀಯ ಮಾನಕ 875ರ ಮೂರನೆಯ ಭಾಗವು ಒಂದೊಂದು ಊರಿಗೂ ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ಮೂಲವೇಗವನ್ನು ಕೊಟ್ಟಿದೆ: ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಮುಂಬಯಿಗೆ 44, ಚೆನ್ನೈಗೆ 50. ಮುಂಬಯಿಯ ವೇಗವೆಂದರೆ ಗಂಟೆಗೆ 158 ಕಿಲೋಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡವು ನ್ಯೂಟನ್ನುಗಳಲ್ಲಿ ದೊರೆಯುತ್ತದೆ. 44ರ ವರ್ಗ 1,936, ಅದರ 0.6 ಪಾಲು 1,162. ಒಂದು ಚದರ ಮೀಟರಿನ ಮೇಲೆ 118 ಕಿಲೋಗ್ರಾಂ ಭಾರವಿಟ್ಟಂತೆ. ಕಟ್ಟಡದ ಎತ್ತರ, ಸುತ್ತಲಿನ ಮನೆಗಳು, ಮಾಡಿನ ಆಕಾರ ಇವುಗಳನ್ನು ಅನುಸರಿಸಿ ಇದನ್ನು ತಿದ್ದಬೇಕಾಗುತ್ತದೆ; ಆ ಕೆಲಸ ಇಂಜಿನಿಯರರದು. ಉದಾಹರಣೆಗಾಗಿ ಇದರ ಅರ್ಧದಷ್ಟು ಮಾತ್ರ ಮಾಡನ್ನು ಮೇಲಕ್ಕೆ ಸೆಳೆಯುತ್ತದೆಂದು ಹಿಡಿದರೂ 59 ಕಿಲೋಗ್ರಾಂ ಆಯಿತು. ಐದು ಕಿಲೋಗ್ರಾಮಿನ ತಗಡು ಅದನ್ನು ತಡೆದುಕೊಳ್ಳುವುದು ತನ್ನ ಭಾರದಿಂದಲ್ಲ, ಕೊಕ್ಕೆ ಮೊಳೆಗಳ ಹಿಡಿತದಿಂದ. ಮತ್ತು ಈ ಊರಿನ ಉಪ್ಪುಗಾಳಿಯು ಮೊದಲು ತಿನ್ನುವುದು ಕೊಕ್ಕೆಮೊಳೆಗಳನ್ನೇ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತವು ರಾಯಗಡ ಜಿಲ್ಲೆಯ ತೀರಕ್ಕೆ ಅಪ್ಪಳಿಸಿದಾಗಲೂ, 2021ರ ಮೇ 17ರಂದು ತೌಕ್ತೆಯು ಮುಂಬಯಿಯ ಹತ್ತಿರದಲ್ಲೇ ಹಾದುಹೋದಾಗಲೂ ಹಾರಿಹೋದ ಪತ್ರಾಗಳನ್ನು ಕಣ್ಣಾರೆ ಕಂಡವರು ನಮ್ಮ ಪೋಷಕರಲ್ಲಿದ್ದಾರೆ.

ಹಂಚು ಭಾರವಾದುದರಿಂದ ಗಾಳಿಗೆ ಸುಭದ್ರವೆಂದು ತಿಳಿಯುವುದೂ ಸಲ್ಲದು. 15 ಹಂಚುಗಳ ತೂಕ ಮೂವತ್ತೇಳೂವರೆ ಕಿಲೋಗ್ರಾಂ. ಮೇಲಿನ 59ಕ್ಕೆ ಅದು ಸಾಲದು. ಹಂಚಿನ ಮಾಡನ್ನು ಕಾಯುವುದು ಅದರ ಸಂದುಗಳು. ಸಂದುಗಳಲ್ಲಿ ಗಾಳಿಯು ಒಳಗೂ ಹೊರಗೂ ಆಡುವುದರಿಂದ ಮೇಲಣ ಕೆಳಗಣ ಒತ್ತಡಗಳ ಅಂತರ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೂ ಸೂರಿನ ಸಾಲು, ಪಕ್ಕದ ಅಂಚು, ನೆತ್ತಿ ಈ ಮೂರು ಎಡೆಗಳಲ್ಲಿ ಸೆಳೆತ ಬಲವಾದುದು. ಮಂಗಳೂರು ಹಂಚಿನ ಕೆಳಮೈಯಲ್ಲಿ ತೂತುಳ್ಳ ಒಂದು ಪುಟ್ಟ ಕಿವಿಯಿರುವುದನ್ನು ಅನೇಕರು ಗಮನಿಸಿರಲಾರರು. ಆ ತೂತಿನಲ್ಲಿ ತಂತಿ ಪೋಣಿಸಿ ರೀಪಿಗೆ ಕಟ್ಟುವುದಕ್ಕಾಗಿಯೇ ಅದನ್ನು ಇಟ್ಟಿದ್ದಾರೆ. ನಮ್ಮ ಹಳೆಯ ಮಾಡಿನಲ್ಲಿ ಒಂದು ಹಂಚನ್ನೂ ಹಾಗೆ ಕಟ್ಟಿರಲಿಲ್ಲ.

ಸದ್ದಿನ ಮಾತು ಉಳಿಯಿತು. ತಗಡಿನ ಮಾಡಿನ ಕೆಳಗೆ ಜುಲೈ ತಿಂಗಳಲ್ಲಿ ಪಾಠ ಮಾಡಿದವರಿಗೆ ಗೊತ್ತು: ಮಳೆ ಜೋರಾದರೆ ಅಧ್ಯಾಪಕರ ತುಟಿ ಆಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಮನೆಯಲ್ಲಿ ಕನ್ನಡ ಕೇಳುವುದೇ ಅಪರೂಪವಾಗಿರುವ ಮಗುವಿಗೆ ಶಾಲೆಯಲ್ಲಿ ಕೇಳುವ ಐದು ಗಂಟೆಗಳ ಕನ್ನಡವೂ ಮಳೆಯ ಪಾಲಾದರೆ ಉಳಿಯುವುದೇನು? ಸಭೆಯ ಹಿರಿಯರ ಪ್ರಶ್ನೆಗೆ ನಾವು ಮುಂದೆ ಕೊಟ್ಟ ಉತ್ತರ ಇದೊಂದೇ. ಐವತ್ತು ವರ್ಷದ ವಿಚಾರ ಬಿಡೋಣ. ಬರುವ ಜುಲೈಯಲ್ಲಿ ಕುಳಿತಿರುವ ಮಕ್ಕಳಿಗೆ ಕೇಳಿಸಬೇಕು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಚಿನ ಅಂದಾಜುಪಟ್ಟಿ ತರಿಸಿ" ಎಂದರು.

ಕಾಯಿದೆಯ ಮಾತನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಇದನ್ನರಿಯದೆ ತೊಂದರೆಗೊಳಗಾದ ಸಂಸ್ಥೆಗಳುಂಟು. 1888ರ ಮುಂಬಯಿ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯ 342ನೆಯ ಕಲಮಿನಂತೆ ಕಟ್ಟಡವನ್ನು ಮಾರ್ಪಡಿಸುವವರು ಕಮಿಶನರರಿಗೆ ಮುಂಚಿತವಾಗಿ ನೋಟೀಸು ಕೊಡಬೇಕು. ವಾಸಯೋಗ್ಯತೆಗೆ ಬೇಕಾದ ಸಾಮಾನ್ಯ ರಿಪೇರಿಗಳಿಗೆ ಈ ಕಟ್ಟುಪಾಡಿಲ್ಲ. ಅಂತಹ ರಿಪೇರಿಗಳ ಪಟ್ಟಿಯಲ್ಲಿ ಮಾಡನ್ನು ಅದೇ ವಸ್ತುವಿನಿಂದ ಬದಲಿಸುವುದೂ ಸೇರಿದೆ. ಆದರೆ ಮಾಡನ್ನು ಚಪ್ಪಟೆ ಮಾಡುವುದಾಗಲಿ ಬೇರೆ ವಸ್ತುವಿನಿಂದ ಹೊದಿಸುವುದಾಗಲಿ ಸೇರಿಲ್ಲ. ಎಂದರೆ ಹಂಚಿದ್ದಲ್ಲಿ ಹಂಚನ್ನಿಟ್ಟರೆ ದಾರಿ ಸುಗಮ. ಹಂಚು ತೆಗೆದು ತಗಡು ಹಾಕಿದರೆ ನೋಟೀಸು, ನಕ್ಷೆ, ಅನುಮತಿ. ಪಾರಂಪರಿಕ ಕಟ್ಟಡವೆಂದು ಪಟ್ಟಿಯಲ್ಲಿ ಸೇರಿದ ಕಟ್ಟಡಕ್ಕೆ ಬೇರೆಯೇ ಅನುಮತಿ ಬೇಕು. ಮೂವತ್ತು ವರ್ಷ ಮೀರಿದ ಕಟ್ಟಡಕ್ಕೆ ಅದರ ಭದ್ರತೆಯನ್ನು ಪರೀಕ್ಷಿಸಿದ ಇಂಜಿನಿಯರರ ಪ್ರಮಾಣಪತ್ರವನ್ನು ಒಪ್ಪಿಸಬೇಕೆಂದು ಇದೇ ಕಾಯಿದೆ ಹೇಳುತ್ತದೆ. ನಾವು ಆ ಪರೀಕ್ಷೆಯನ್ನೇ ಮೊದಲು ಮಾಡಿಸಿದೆವು. ಅದು ಒಳ್ಳೆಯದೇ ಆಯಿತು: ನೆತ್ತಿಯ ತೊಲೆಯ ಒಂದು ತುದಿಯನ್ನು ಗೆದ್ದಲು ಒಳಗಿನಿಂದ ಟೊಳ್ಳು ಮಾಡಿತ್ತು. ಹೊರಗಿನಿಂದ ಬಣ್ಣ ಹೊಳೆಯುತ್ತಿತ್ತು. ಚಾಕುವಿನ ತುದಿಯಿಂದ ಒತ್ತಿದರೆ ಹಿಡಿಯವರೆಗೆ ಇಳಿಯಿತು. ಅದರ ನೇರ ಕೆಳಗೆ ಐದನೆಯ ಇಯತ್ತೆಯ ಮೊದಲ ಬೆಂಚು.

ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಹಾಸಿದ್ದುದು ಅಸ್ಬೆಸ್ಟೋಸ್ ಸಿಮೆಂಟಿನ ಹಾಳೆ. ಅದರ ಧೂಳಿನ ಎಳೆಗಳು ಶ್ವಾಸಕೋಶವನ್ನು ಸೇರಿದರೆ ಹಲವು ವರ್ಷಗಳ ತರುವಾಯ ಕ್ಯಾನ್ಸರಿಗೆ ಕಾರಣವಾಗಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಆದುದರಿಂದ ರಜೆಯಲ್ಲಿ, ಮಕ್ಕಳಾರೂ ಇಲ್ಲದ ದಿನ, ಹಾಳೆಗಳನ್ನು ನೀರಿನಿಂದ ನೆನೆಸಿ, ಒಡೆಯದೆ ಕೊರೆಯದೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳುಹಿಸಿಕೊಟ್ಟೆವು.

ಈಗ ಹಂಚಿನ ಕಥೆ. ಮಂಗಳೂರಿನ ಮೊದಲ ಹಂಚಿನ ಕಾರ್ಖಾನೆಯನ್ನು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದರು; ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನರು ಇದರ ಕಾರಣಪುರುಷರು. ನೇತ್ರಾವತಿ, ಗುರುಪುರ ನದಿಗಳ ಮೆಕ್ಕಲು ಜೇಡಿಯು ಅಚ್ಚಿಗೆ ಒದಗುವಂತಹುದು. ಕಡಲದಾರಿಯಿಂದ ಮುಂಬಯಿಗೆ ಬಂದ ಈ ಹಂಚು ನಮ್ಮ ಜನ ಇಲ್ಲಿಗೆ ಬಂದು ಹೊಟೇಲು, ಗಿರಣಿ, ಕಚೇರಿಗಳಲ್ಲಿ ನೆಲೆ ನಿಲ್ಲುವುದಕ್ಕೆ ಮುಂಚೆಯೇ ಈ ಊರಿನ ಮನೆಗಳ ಮೇಲೆ ನೆಲೆ ನಿಂತಿತ್ತು. ನಮ್ಮ ಮಾಡಿನಿಂದ ಇಳಿಸಿದ ಒಂದು ಹಂಚಿನ ಮೇಲೆ 1865 ಎಂಬ ಅಂಕಿಯನ್ನು ಕಂಡು ವಿದ್ಯಾರ್ಥಿಯೊಬ್ಬನು ಹಿಗ್ಗಿ ಓಡಿಬಂದನು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷವಲ್ಲ ಎಂದು ತಿಳಿಸಿ ಅವನ ಉತ್ಸಾಹಕ್ಕೆ ನೀರೆರಚಬೇಕಾಯಿತು. ಇಂದು ಅಂತಹ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿವೆ. ಆದುದರಿಂದ ಹಳೆಯ ಒಳ್ಳೆಯ ಹಂಚನ್ನು ಎಸೆಯುವುದು ಅವಿವೇಕ.

ಒಳ್ಳೆಯದನ್ನು ಗುರುತಿಸುವುದು ಹೇಗೆ? ಇದನ್ನು ನಮಗೆ ಕಲಿಸಿದವರು ಕುಂದಾಪುರದ ಕಡೆಯ ಮೇಸ್ತ್ರಿಗಳು. ಹಂಚನ್ನು ಒಂದು ಕೈಯಲ್ಲಿ ತೂಗಿಹಿಡಿದು ಬೆರಳಗೆಣ್ಣಿನಿಂದ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ಗಟ್ಟಿ. ಮಡಕೆಚೂರಿನಂತೆ ಬೋದು ಸದ್ದಾದರೆ ಕಣ್ಣಿಗೆ ಕಾಣದ ಬಿರುಕಿದೆ. ಹುಡುಗರು ಎರಡು ದಿನ ಇದೊಂದನ್ನೇ ಮಾಡಿದರು. ಸಂಗೀತದ ಅಧ್ಯಾಪಕರೂ ಬಂದು ಕಿವಿಗೊಟ್ಟರು. ಎರಡನೆಯದು ನೀರಿನ ಪರೀಕ್ಷೆ. ಹಂಚನ್ನು ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗುವುದು. ಭಾರತೀಯ ಮಾನಕ 654ರ ಪ್ರಕಾರ ಉತ್ತಮ ದರ್ಜೆಯ ಹಂಚು ತನ್ನ ತೂಕದ ನೂರಕ್ಕೆ 18 ಪಾಲಿಗಿಂತಲೂ, ಎರಡನೆಯ ದರ್ಜೆಯದು 20 ಪಾಲಿಗಿಂತಲೂ ಹೆಚ್ಚು ನೀರು ಹೀರಬಾರದು. ಪೂರ್ವದ ಇಳಿಜಾರಿನಿಂದ ತೆಗೆದ ಹಂಚು 2.5 ಕಿಲೋಗ್ರಾಂ ಇದ್ದುದು 2.9 ಆಯಿತು: ನೂರಕ್ಕೆ 16, ಉತ್ತೀರ್ಣ. ಪಶ್ಚಿಮದ ಇಳಿಜಾರಿನದೊಂದು 2.4 ಇದ್ದುದು 2.98 ಆಯಿತು: ನೂರಕ್ಕೆ 24, ಅನುತ್ತೀರ್ಣ. ನೈಋತ್ಯದ ಮಳೆಗಾಳಿಗೆ ವರ್ಷಗಟ್ಟಲೆ ಮುಖವೊಡ್ಡಿದ ಕಡೆ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಎರಡು ಪರೀಕ್ಷೆಗಳಲ್ಲೂ ತೇರ್ಗಡೆಯಾದ ಹಳೆಯ ಹಂಚುಗಳು ಸುಮಾರು 1,900. ಉಳಿದಷ್ಟನ್ನು ಹೊಸದಾಗಿ ಕೊಂಡು ನಡುನಡುವೆ ಸೇರಿಸಿದರಾಯಿತೆಂದು ನಾವು ಎಣಿಸಿದ್ದೆವು. ಮೇಸ್ತ್ರಿಗಳು ನಕ್ಕರು. ಒಂದು ಕಾರ್ಖಾನೆಯ ಅಚ್ಚಿನ ಗಾಡಿಗೆ ಇನ್ನೊಂದು ಕಾರ್ಖಾನೆಯ ಅಂಚು ಕೂಡುವುದಿಲ್ಲ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಾಕು, ಅಲ್ಲಿ ನೀರು ಇಳಿಯುತ್ತದೆ. ಆದುದರಿಂದ ಪೂರ್ವದ ಇಳಿಜಾರಿಗೆಲ್ಲ ಹಳೆಯದು, ಪಶ್ಚಿಮಕ್ಕೆಲ್ಲ ಹೊಸದು ಎಂದು ನಿಶ್ಚಯಿಸಿ, ಒಡಕಿನ ಲೆಕ್ಕವನ್ನೂ ಕೂಡಿಸಿ 1,500 ಹೊಸ ಹಂಚು ತರಿಸಿದೆವು. ಈಗ ಬೀದಿಯಿಂದ ನೋಡುವವರಿಗೆ ಮಾಡಿನ ಒಂದು ಕೆನ್ನೆ ಕಪ್ಪು, ಇನ್ನೊಂದು ಕೆಂಪು. ಯಾರಾದರೂ ಕೇಳಿದರೆ ವಿದ್ಯಾರ್ಥಿಗಳು ಕಾರಣ ಹೇಳಬಲ್ಲರು.

ಹಂಚು ಇಳಿಸುವಾಗ ನೆತ್ತಿಯಿಂದ ಕೆಳಕ್ಕೆ, ಎರಡೂ ಬದಿಗಳಿಂದ ಸರಿಸಮನಾಗಿ ಇಳಿಸುತ್ತ ಬರಬೇಕು. ಒಂದು ಬದಿಯನ್ನು ಪೂರ್ತಿ ಬರಿದು ಮಾಡಿದರೆ ಇನ್ನೊಂದು ಬದಿಯ ಭಾರವು ಮರಗಳನ್ನು ಓರೆಯಾಗಿಸೀತು. ಹೊದಿಸುವಾಗ ಇದಕ್ಕೆ ವಿಪರೀತವಾಗಿ ಸೂರಿನಿಂದ ಮೇಲಕ್ಕೆ. ಕೊಳೆತ ಪಕ್ಕಾಸುಗಳನ್ನೂ ನೆತ್ತಿಯ ತೊಲೆಯನ್ನೂ ಬದಲಿಸಿ, ಗೆದ್ದಲಿನ ಔಷಧ ಬಳಿದು, ಗೋಡೆಯೊಳಗೆ ಸೇರುವ ತುದಿಗಳಿಗೆ ಗಾಳಿಯಾಡುವಂತೆ ಎಡೆಬಿಟ್ಟೆವು. ರೀಪುಗಳ ಅಂತರವನ್ನು ಪುಸ್ತಕ ನೋಡಿ ನಿಗದಿಮಾಡಬಾರದು. ಕೈಯಲ್ಲಿರುವ ಹಂಚನ್ನೇ ನಾಲ್ಕೆಂಟು ಸಾಲು ನೆಲದ ಮೇಲೆ ಜೋಡಿಸಿ ಅಳೆಯಬೇಕು. ನಮ್ಮ ಹಳೆಯದಕ್ಕೂ ಹೊಸದಕ್ಕೂ ಆರು ಮಿಲಿಮೀಟರ್ ಅಂತರ ಬಂದಿತು. ಏಣಿಯ ಮೇಲಿನಿಂದ ಇಣುಕಿದ ಹುಡುಗನೊಬ್ಬನಿಗೆ ಮೇಸ್ತ್ರಿಗಳು, "ಮಾಣಿ, ಹಂಚಿನ ಮೇಲೆ ಕಾಲಿಡಬೇಡ, ಹಲಗೆ ಹಾಕಿದಲ್ಲಿ ಮಾತ್ರ" ಎಂದು ಗದರಿದುದು ನೆನಪಿದೆ. ಮುಂದೆ ಚೆಂಡು ತೆಗೆಯಲು ಮಾಡು ಹತ್ತುವವರೂ ಇದನ್ನು ನೆನಪಿಡತಕ್ಕದ್ದು. ಒಂದೊಂದು ಕೊಠಡಿಗೆ ಎರಡೆರಡು ಗಾಜಿನ ಹಂಚುಗಳನ್ನು ಇಟ್ಟಿದ್ದೇವೆ; ಹಗಲಿನಲ್ಲಿ ದೀಪದ ಅವಶ್ಯಕತೆ ಬಹಳ ಕಡಿಮೆಯಾಗಿದೆ. ಸೂರಿನ ಸಾಲು, ಅಂಚು, ನೆತ್ತಿಗಳ ಹಂಚುಗಳನ್ನು ತಾಮ್ರದ ತಂತಿಯಿಂದ ಬಿಗಿದದ್ದಾಗಿದೆ. ದಂಬೆಯನ್ನು ಅಗಲ ಮಾಡಿ, ಅದರ ನೀರನ್ನು ಬಾವಿಗೆ ತಿರುಗಿಸಿದ್ದೇವೆ.

ಕೆಲಸ ಮೇ 28ಕ್ಕೆ ಮುಗಿಯಿತು. ಮೊದಲ ದೊಡ್ಡ ಮಳೆ ರಾತ್ರಿ ಒಂಬತ್ತರ ಸುಮಾರಿಗೆ ಬಂದಿತು. ಜವಾನರೂ ನಾವೂ ಟಾರ್ಚು ಹಿಡಿದು ಮೂರು ಕೊಠಡಿಗಳನ್ನೂ ನೋಡಿ ಬಂದೆವು. ಏಳನೆಯ ಇಯತ್ತೆಯ ಕೊಠಡಿಯಲ್ಲಿ, ಗಾಜಿನ ಹಂಚಿನ ಪಕ್ಕದಲ್ಲಿ, ಒಂದು ಕಡೆ ಹನಿ ಬೀಳುತ್ತಿತ್ತು. ಒಂದು ಬಾಲದಿ ಇಟ್ಟು ಬಂದೆವು. ಮರುದಿನ ಮೇಸ್ತ್ರಿಗಳು ಹತ್ತಿ ಜರುಗಿದ್ದ ಹಂಚನ್ನು ಸರಿಪಡಿಸಿದರು.